ಬುಟ್ಟಿ ಸೀಟು ಸಾಲದಾದ ಮೇಲೆ: ಮೂರು ಕಾರ್ ಸೀಟುಗಳ ಒಳಹೊರಗು

ಹಿಡಿಕೆ ಹಿಡಿದು ಮಗುವಿನ ಸಮೇತ ಕಾರಿನಿಂದ ಎತ್ತಿಕೊಂಡು ಹೋಗುವ ಬುಟ್ಟಿಯಂಥ ಸೀಟು ಎಷ್ಟು ದಿನ ಬಾಳಿಕೆ ಬರುತ್ತದೆ? ಅದರ ಚೀಟಿಯ ಮೇಲೆ ಸಾಮಾನ್ಯವಾಗಿ 13 ಕೆಜಿ ಎಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯ ಪ್ರಕಾರ ಎರಡು ವರ್ಷದ ಗಂಡುಮಗುವಿನ ಸಾಧಾರಣ ತೂಕ 12.2 ಕೆಜಿ, ಹೆಣ್ಣುಮಗುವಿನದು 11.5. ಹಾಗಿದ್ದರೆ ಎರಡು ವರ್ಷ ಆರಾಮಾಗಿ ಬರಬೇಕಲ್ಲ ಅನ್ನಿಸುತ್ತದೆ, ಆದರೆ ಬರುವುದಿಲ್ಲ. ತೂಕಕ್ಕಿಂತ ಮೊದಲು ಮಗುವಿನ ಉದ್ದ ಸೀಟನ್ನು ಮೀರುತ್ತದೆ.

ನೋಡಬೇಕಾದದ್ದು ತಲೆಯನ್ನು. ನೆತ್ತಿ ಸೀಟಿನ ಪ್ಲಾಸ್ಟಿಕ್ ಚಿಪ್ಪಿನ ಮೇಲಂಚಿಗೆ ಸಮನಾದರೆ ಆ ಸೀಟಿನ ಕೆಲಸ ಮುಗಿಯಿತು. ಅಮೆರಿಕದ ಸೀಟುಗಳಲ್ಲಿ ಒಂದಿಂಚು ಮೊದಲೇ ನಿಲ್ಲಿಸಬೇಕು. ಮಗುವನ್ನು ಸೀಟಿಗೆ ಬಿಗಿಯುವ ಹಾರ್ನೆಸ್ ಪಟ್ಟಿಯನ್ನು ಅತಿ ಮೇಲಿನ ತೂತಿಗೆ ಹಾಕಿದರೂ ಅದು ಭುಜಕ್ಕಿಂತ ತೀರಾ ಕೆಳಗೇ ಉಳಿದರೆ ಅದೂ ಒಂದು ಸೂಚನೆ. ಕಾಲು ಹೊರಗೆ ಚಾಚಿದೆ ಎಂಬುದು ಮಾತ್ರ ಸೂಚನೆಯೇ ಅಲ್ಲ. ಅಜ್ಜಿ ತಾತಂದಿರು ಮೊದಲು ಗಮನಿಸುವುದು ಅದನ್ನೇ, 'ಪಾಪ, ಕಾಲು ಮಡಚಿಕೊಂಡು ಕೂತಿದೆ' ಅಂತ. ಮಕ್ಕಳು ಮನೆಯಲ್ಲೂ ಚಕ್ಕಳಮಕ್ಕಳ ಹಾಕಿಯೇ ಕೂರುತ್ತವೆ.

ಹೆಚ್ಚಿನವರು ಎಡವುವುದು ಇಲ್ಲಿಯೇ. ಬುಟ್ಟಿ ಸೀಟು ಸಾಲದಾದ ಕೂಡಲೇ ಮುಂದಕ್ಕೆ ಮುಖ ಮಾಡಿ ಕೂರುವ ಸೀಟನ್ನು ತಂದುಬಿಡುತ್ತಾರೆ. ಅಂಗಡಿಯಲ್ಲಿ '9ರಿಂದ 36 ಕೆಜಿ' ಎಂದು ಬರೆದ ಡಬ್ಬಿಯನ್ನು ತೋರಿಸಿ 'ಇದೊಂದೇ ತಗೊಳ್ಳಿ, ಹನ್ನೆರಡು ವರ್ಷಕ್ಕೂ ಆಗತ್ತೆ' ಎನ್ನುತ್ತಾರೆ. ಆ 9 ಕೆಜಿ ಎಂಬ ಅಂಕಿ ಯುರೋಪಿನ ಹಳೆಯ ಆರ್44 ನಿಯಮದ್ದು. ಗಂಡುಮಗು ಸುಮಾರು ಒಂಬತ್ತು ಹತ್ತು ತಿಂಗಳಿಗೇ 9 ಕೆಜಿ ಮುಟ್ಟುತ್ತದೆ. ಅಂದರೆ ಇನ್ನೂ ಸರಿಯಾಗಿ ನಿಲ್ಲಲು ಬಾರದ ಕೂಸನ್ನು ಮುಂದಕ್ಕೆ ತಿರುಗಿಸಲು ಆ ನಿಯಮದಲ್ಲಿ ಅಡ್ಡಿಯಿರಲಿಲ್ಲ. ಆ ವಯಸ್ಸಿನಲ್ಲಿ ಮೈಯ ಅಳತೆಗೆ ತಲೆ ತುಂಬ ಭಾರ, ಕುತ್ತಿಗೆಯ ಮೂಳೆಗಳು ಇನ್ನೂ ಬಲಿತಿರುವುದಿಲ್ಲ. ಎದುರಿನಿಂದ ಡಿಕ್ಕಿಯಾದರೆ ಹಾರ್ನೆಸ್ ಮೈಯನ್ನು ಹಿಡಿದು ನಿಲ್ಲಿಸುತ್ತದೆ, ತಲೆ ಮಾತ್ರ ಮುಂದಕ್ಕೆ ಹಾರುತ್ತದೆ, ಜಗ್ಗಾಟವೆಲ್ಲ ಕುತ್ತಿಗೆಯ ಮೇಲೆ. ಕಾರಿನ ಹಿಂಭಾಗಕ್ಕೆ ಮುಖ ಮಾಡಿ ಕೂರಿಸುವ ಹಿಮ್ಮುಖ ಸೀಟಿನಲ್ಲಾದರೆ ಬೆನ್ನು, ಕುತ್ತಿಗೆ, ತಲೆ ಮೂರೂ ಒಟ್ಟಿಗೆ ಚಿಪ್ಪಿಗೆ ಒತ್ತಿಕೊಳ್ಳುತ್ತವೆ. ಹೊಸ ಆರ್129 ನಿಯಮ 15 ತಿಂಗಳವರೆಗೆ ಹಿಮ್ಮುಖವನ್ನು ಕಡ್ಡಾಯ ಮಾಡಿದ್ದು ಇದಕ್ಕೇ. ಯುರೋಪಿನಲ್ಲಿ 2024ರ ಸೆಪ್ಟೆಂಬರ್‌ನಿಂದ ಆರ್44 ಸೀಟುಗಳ ಮಾರಾಟವೇ ನಿಂತಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ವಯಸ್ಸಿನ ಲೆಕ್ಕವನ್ನೇ ಬಿಟ್ಟು, ಸೀಟಿನ ಮಿತಿ ಮುಟ್ಟುವವರೆಗೂ ಹಿಮ್ಮುಖವೇ ಇರಲಿ ಎಂದಿತು.

ಹಾಗಾಗಿ ಎರಡನೇ ಸೀಟು ಎಂದರೆ ಇನ್ನೂ ದೊಡ್ಡದಾದ, ಹಿಮ್ಮುಖವಾಗಿಯೇ ಕೂರಿಸುವ ಸೀಟು. ಅದು ನಿಮ್ಮ ಕಾರಿನಲ್ಲಿ ಅಲ್ಲಾಡದೆ ಕೂರಬೇಕು. ಬಟ್ಟೆ, ಬಣ್ಣ, ಕಪ್ ಹೋಲ್ಡರ್ ಎಲ್ಲ ಆಮೇಲೆ.

ಜೋಯ್ ಸ್ಟೇಜಸ್

ಐಸೋಫಿಕ್ಸ್ (ಮಕ್ಕಳ ಸೀಟನ್ನು ಬೆಲ್ಟಿಲ್ಲದೆ ಕಚ್ಚಿಸಲು ಕಾರಿನಲ್ಲೇ ಇರುವ ಸರಳುಗಳು) ಇಲ್ಲದ ಹಳೆಯ ಕಾರಿನವರು ಮೊದಲು ನೋಡಬೇಕಾದ ಸೀಟು ಇದು. ಕಾರಿನ ಮೂರು ಬಿಂದುಗಳ ಬೆಲ್ಟಿನಲ್ಲೇ ಬಿಗಿಯುತ್ತದೆ. ಹಿಮ್ಮುಖವಾಗಿ 18 ಕೆಜಿವರೆಗೆ, ಒಟ್ಟಾರೆ 25 ಕೆಜಿವರೆಗೆ ಬಳಸಬಹುದು. ನಾಲ್ಕು ವರ್ಷದ ಮಕ್ಕಳ ಸಾಧಾರಣ ತೂಕ 16 ಕೆಜಿಯ ಆಸುಪಾಸು ಇರುವುದರಿಂದ ತೂಕದ ಮಟ್ಟಿಗೆ ನಾಲ್ಕು ವರ್ಷದ ತನಕ ಮಗುವನ್ನು ತಿರುಗಿಸಬೇಕಾಗಿಲ್ಲ. ತಲೆದಿಂಬನ್ನು ಎತ್ತಿದರೆ ಹಾರ್ನೆಸ್ ಕೂಡ ಜೊತೆಗೇ ಏರುತ್ತದೆ, ಪಟ್ಟಿ ಬಿಚ್ಚಿ ಮತ್ತೆ ಪೋಣಿಸುವ ರಗಳೆಯಿಲ್ಲ. ಇದು ಸಣ್ಣ ಮಾತಲ್ಲ. ಪೋಣಿಸಬೇಕಾದ ಸೀಟುಗಳಲ್ಲಿ ಮಗು ನಾಲ್ಕು ಇಂಚು ಬೆಳೆದರೂ ಪಟ್ಟಿ ಹಳೆಯ ತೂತಿನಲ್ಲೇ ಇರುತ್ತದೆ.

ಇದರ ಕಷ್ಟವೆಲ್ಲ ಬೆಲ್ಟಿನಲ್ಲಿದೆ. ಹಿಮ್ಮುಖವಾಗಿ ಕಟ್ಟುವಾಗ ಬೆಲ್ಟು ನೀಲಿ ಗುರುತಿನ ದಾರಿಯಲ್ಲಿ ಹೋಗಬೇಕು, ಮುಮ್ಮುಖಕ್ಕೆ ಕೆಂಪು. ಬಣ್ಣ ತಪ್ಪಿದರೆ ಸೀಟು ಗಟ್ಟಿಯಾಗಿ ಕೂತಂತೆ ಕಂಡರೂ ಡಿಕ್ಕಿಯಲ್ಲಿ ನಿಲ್ಲುವುದಿಲ್ಲ. ಬೆಲ್ಟು ಚಿಪ್ಪನ್ನು ಬಳಸಿಕೊಂಡು ಬರಬೇಕಾದ್ದರಿಂದ ಬಹಳ ಉದ್ದ ಬೇಕು. ಸಣ್ಣ ಕಾರುಗಳ ಹಿಂದಿನ ಬೆಲ್ಟು ಕೆಲವೊಮ್ಮೆ ಒಂದು ಗೇಣು ಸಾಲದೆ ಬಕಲ್ಲಿಗೆ ಮುಟ್ಟುವುದೇ ಇಲ್ಲ. ದುಡ್ಡು ಕೊಡುವ ಮೊದಲು ನಿಮ್ಮ ಕಾರಿನಲ್ಲೇ ಇಟ್ಟು ಕಟ್ಟಿ ನೋಡಿ. ಇನ್ನೊಂದು ತೊಡಕು ಬಕಲ್ಲಿನ ಕಾಂಡದ್ದು, ಅಂದರೆ ಕಾರಿನ ಸೀಟಿನಿಂದ ಮೇಲೆದ್ದು ಬಕಲ್ಲನ್ನು ಹಿಡಿದಿರುವ ಭಾಗದ್ದು. ಅದು ಉದ್ದವಾಗಿದ್ದರೆ ಬಕಲ್ ಸೀಟಿನ ಅಂಚಿನ ಮೇಲೇ ಬಂದು ಕೂರುತ್ತದೆ. ಎಷ್ಟೇ ಎಳೆದರೂ ಬೆಲ್ಟು ಬಿಗಿಯಾಗುವುದಿಲ್ಲ, ಒತ್ತಡಕ್ಕೆ ಬಕಲ್ಲೇ ಬಿಟ್ಟುಕೊಳ್ಳುವ ಅಪಾಯವೂ ಇದೆ. ಅಂಥ ಕಾರಿಗೆ ಈ ಸೀಟು ಬೇಡ.

ಕಟ್ಟುವ ಕ್ರಮ ಹೀಗೆ. ಸೀಟಿನ ಪಕ್ಕದ ಗೆರೆ ನೆಲಕ್ಕೆ ಸಮನಾಗುವಂತೆ ಒರಗುಕೋನ ಸರಿಮಾಡಿ. ಬೆಲ್ಟನ್ನು ತಿರುಚದಂತೆ ದಾರಿಯಲ್ಲಿ ತೂರಿಸಿ ಬಕಲ್ ಹಾಕಿ. ಒಂದು ಕೈಯಿಂದ ಮಗು ಕೂರುವ ಜಾಗವನ್ನು ಮೈಭಾರ ಹಾಕಿ ಒತ್ತುತ್ತ, ಇನ್ನೊಂದು ಕೈಯಿಂದ ಮೊದಲು ಸೊಂಟದ ಭಾಗದ ಸಡಿಲವನ್ನು, ಆಮೇಲೆ ಭುಜದ ಭಾಗವನ್ನು ಎಳೆಯಿರಿ. ಕೊನೆಗೆ ಬೆಲ್ಟು ಹಾದುಹೋಗುವ ಜಾಗದಲ್ಲೇ ಹಿಡಿದು ಅಲ್ಲಾಡಿಸಿ. ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿಯಬಾರದು. ಹಿಮ್ಮುಖ ಸೀಟಿನ ತಲೆಯ ಭಾಗವನ್ನು ಹಿಡಿದು ಅಲ್ಲಾಡಿಸಿ 'ಗಟ್ಟಿ ಇಲ್ಲ' ಎನ್ನುವವರಿದ್ದಾರೆ. ಆ ತುದಿ ಸ್ವಲ್ಪ ಆಡುವುದು ಸಹಜ.

ಜೋಯ್ ಐ-ಸ್ಪಿನ್ 360

ಕಾರಿನಲ್ಲಿ ಐಸೋಫಿಕ್ಸ್ ಇದ್ದರೆ ನಮ್ಮ ಮೊದಲ ಆಯ್ಕೆ ಇಂಥದ್ದು. ಹಿಂದಿನ ಸೀಟಿನ ಒರಗು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ ಬೆರಳು ಹಾಕಿದರೆ 28 ಸೆಂಟಿಮೀಟರ್ ಅಂತರದಲ್ಲಿ ಎರಡು ಕಬ್ಬಿಣದ ಸರಳು ಸಿಗುತ್ತವೆ. ಸೀಟಿನ ಎರಡು ತೋಳುಗಳು ಅದಕ್ಕೆ ಕಚ್ಚಿಕೊಂಡು 'ಕ್ಲಿಕ್' ಎಂದರೆ ಅರ್ಧ ಕೆಲಸ ಆಯಿತು. ಉಳಿದರ್ಧ ಸೀಟಿನ ಮುಂದೆ ನೆಲಕ್ಕೆ ಊರುವ ಕಾಲು. ಅದು ಗಟ್ಟಿ ನೆಲ ಮುಟ್ಟಿ ಸೂಚಕ ಹಸಿರಾಗಬೇಕು. ದಪ್ಪ ಮ್ಯಾಟಿನ ಮೇಲೆ ಊರಿದರೆ ಕುಸಿಯುತ್ತದೆ. ನೆಲದ ಅಡಿಯಲ್ಲಿ ಸಾಮಾನು ಡಬ್ಬಿ ಇರುವ ಕಾರಾದರೆ ಆ ಮುಚ್ಚಳದ ಮೇಲೆ ಊರಬಹುದೇ ಎಂದು ಕಾರಿನ ಕೈಪಿಡಿ ನೋಡಲೇಬೇಕು.

ಇದು ಆರ್129ರ ಸೀಟು, ಅಳತೆ ಎತ್ತರದ್ದು: 40ರಿಂದ 105 ಸೆಂಟಿಮೀಟರ್, ತೂಕ 19 ಕೆಜಿವರೆಗೆ. ಅಷ್ಟರವರೆಗೂ ಹಿಮ್ಮುಖವಾಗಿಯೇ ಇಡಬಹುದು. ಸಾಧಾರಣ ಬೆಳವಣಿಗೆಯ ಮಗು ನಾಲ್ಕು ತುಂಬಿದ ಮೇಲೆಯೇ 105 ದಾಟುತ್ತದೆ. ಸೀಟನ್ನು ಬಾಗಿಲಿನ ಕಡೆ ತಿರುಗಿಸಿ ಮಗುವನ್ನು ಕೂರಿಸುವ ಸೌಕರ್ಯ ಬರೀ ಶೋಕಿ ಅನ್ನಿಸಬಹುದು. ಆದರೆ ಸೊಂಟ ಬಗ್ಗಿಸಿ ಓರೆಯಾಗಿ ಹಾಕಿದ ಹಾರ್ನೆಸ್ ಯಾವತ್ತೂ ಸಡಿಲವೇ. ಎದುರಿಗೆ ತಿರುಗಿದರೆ ಪಟ್ಟಿ ನೆಟ್ಟಗೆ ಬೀಳುತ್ತದೆ.

ಕೊರತೆಗಳೂ ಇವೆ. ಬೆಲ್ಟಿನಲ್ಲಿ ಕಟ್ಟಲು ಬರುವುದಿಲ್ಲ, ಹಾಗಾಗಿ ಊರಿನ ಹಳೆಯ ಕಾರಿಗೆ ಸಾಗಿಸಲಾಗದು. ಸೀಟೇ ಭಾರ. 105 ಸೆಂಟಿಮೀಟರ್ ಆದ ಮೇಲೆ ಬೂಸ್ಟರ್ (ಕಾರಿನ ಬೆಲ್ಟು ಸರಿಯಾಗಿ ಕೂರುವಂತೆ ದೊಡ್ಡ ಮಗುವನ್ನು ಎತ್ತರಿಸುವ ಸೀಟು) ಬೇರೆ ಕೊಳ್ಳಬೇಕು. ತಿರುಗುವ ತಳದಿಂದ ಮಗು ಎತ್ತರದಲ್ಲಿ ಕೂರುವುದರಿಂದ ಹ್ಯಾಚ್‌ಬ್ಯಾಕ್‌ಗಳಲ್ಲಿ ಮುಂದಿನ ಸೀಟನ್ನು ಮುಂದಕ್ಕೆ ತಳ್ಳದೆ ವಿಧಿಯಿಲ್ಲ. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿರುವುದರಿಂದ ಎಡಗಡೆ ಹಿಂದೆ ಇಡುವುದೇ ಅನುಕೂಲ. ಫುಟ್‌ಪಾತ್ ಕಡೆಯಿಂದ ಮಗುವನ್ನು ಇಳಿಸಬಹುದು, ಡ್ರೈವರಿನ ಮೊಣಕಾಲಿಗೂ ಜಾಗ ಉಳಿಯುತ್ತದೆ.

ಅಮೆರಿಕದಿಂದ ಬರುವ ಗ್ರಾಕೋ ಎಕ್ಸ್‌ಟೆಂಡ್2ಫಿಟ್

ಸೂಟ್‌ಕೇಸಿನ ಜೊತೆ ಇಂಥದ್ದೊಂದು ಸೀಟು ಇಳಿಯುವ ಮನೆಗಳು ಬೆಂಗಳೂರು, ಮೈಸೂರಿನಲ್ಲಿ ಬೇಕಾದಷ್ಟಿವೆ. ಅಮೆರಿಕದಲ್ಲೇ ಇರುವ ಕನ್ನಡಿಗರಿಗಂತೂ ಇದು ಒಳ್ಳೆಯ ಸೀಟು. ಹಿಮ್ಮುಖವಾಗಿ 50 ಪೌಂಡ್, ಅಂದರೆ 22.7 ಕೆಜಿವರೆಗೆ. ಕಾಲಿಡಲು ಹೊರಗೆಳೆಯುವ ಹಲಗೆ ಐದು ಇಂಚಿನವರೆಗೆ ಜಾಗ ಕೊಡುತ್ತದೆ, ಮೇಲೆ ಹೇಳಿದ ಅಜ್ಜಿಯ ತಕರಾರಿಗೆ ಅದೇ ಉತ್ತರ.

ಇಲ್ಲಿಗೆ ತಂದಾಗ ಬರುವ ಪೇಚು ಬೇರೆ. ಅಮೆರಿಕದ ಕಾರಿನ ಬೆಲ್ಟನ್ನು ಪೂರ್ತಿ ಎಳೆದು ಬಿಟ್ಟರೆ ಅದು ಲಾಕ್ ಆಗುತ್ತದೆ, ಅಲ್ಲಿನ ಸೀಟುಗಳು ಅದನ್ನು ನಂಬಿಕೊಂಡಿವೆ. ಇಲ್ಲಿನ ಕಾರುಗಳ ಬೆಲ್ಟು ಸಾಮಾನ್ಯವಾಗಿ ಜೋರಾಗಿ ಜಗ್ಗಿದಾಗ ಮಾತ್ರ ಹಿಡಿಯುತ್ತದೆ. ಆದ್ದರಿಂದ ಬೆಲ್ಟಿನಲ್ಲಿ ಕಟ್ಟಿದ ಸೀಟು ತಿರುವಿನಲ್ಲಿ ವಾಲುತ್ತ ಸಡಿಲವಾಗುತ್ತ ಹೋಗುತ್ತದೆ. ಬೆಲ್ಟಿಗೆ ಹಾಕುವ ಲಾಕಿಂಗ್ ಕ್ಲಿಪ್ ಬೇಕು, ಇಲ್ಲವೇ ಐಸೋಫಿಕ್ಸ್ ಸರಳಿಗೆ ಅದರ ಕೊಕ್ಕೆ ಹಾಕಬೇಕು. ಕೊಕ್ಕೆ ಹಾಕುವುದಾದರೆ ಮಗು ಮತ್ತು ಸೀಟು ಸೇರಿ 65 ಪೌಂಡ್ ಮೀರಬಾರದು. ಎದೆಯ ಕ್ಲಿಪ್ ಕಂಕುಳ ಮಟ್ಟಕ್ಕಿರಲಿ, ಹೊಟ್ಟೆಯ ಮೇಲೆ ಜಾರಿದ್ದರೆ ಪಟ್ಟಿ ಭುಜದಿಂದ ಕಳಚುತ್ತದೆ.

ಮೂರಕ್ಕೂ ಅನ್ವಯಿಸುವ ತಪಾಸಣೆ ಒಂದಿದೆ. ಹಿಮ್ಮುಖದಲ್ಲಿ ಹಾರ್ನೆಸ್ ಪಟ್ಟಿ ಭುಜದ ಮಟ್ಟಕ್ಕೆ ಅಥವಾ ತುಸು ಕೆಳಗಿನಿಂದ ಹೊರಡಬೇಕು. ಡಿಕ್ಕಿಯಲ್ಲಿ ಮಗು ಚಿಪ್ಪಿನುದ್ದಕ್ಕೆ ಮೇಲಕ್ಕೆ ಜಾರುತ್ತದೆ, ಅದನ್ನು ಕೆಳಗೆ ಹಿಡಿದಿಡುವುದು ಆ ಪಟ್ಟಿಯೇ. ಮುಮ್ಮುಖದಲ್ಲಿ ಭುಜದ ಮಟ್ಟಕ್ಕೆ ಅಥವಾ ತುಸು ಮೇಲಿರಬೇಕು. ಬಿಗಿದ ಮೇಲೆ ಕೊರಳ ಮೂಳೆಯ ಹತ್ತಿರ ಪಟ್ಟಿಯನ್ನು ಚಿವುಟಿ ನೋಡಿ. ಬೆರಳಿಗೆ ಮಡಿಕೆ ಸಿಕ್ಕರೆ ಇನ್ನೂ ಸಡಿಲವಿದೆ. ನ್ಯೂಜೆರ್ಸಿಯ ಚಳಿಗೆ ಹಾಕಿದ ದಪ್ಪ ಜಾಕೆಟ್ಟು ಈ ಪರೀಕ್ಷೆಯನ್ನು ಸುಳ್ಳು ಮಾಡುತ್ತದೆ. ಜಾಕೆಟ್ ತೆಗೆದು ಪಟ್ಟಿ ಬಿಗಿದು, ಮೇಲೆ ಹೊದಿಕೆ ಹಾಕಿ. ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಬೇರೆಯೇ ಕಾಟ: ನಿಲ್ಲಿಸಿದ ಕಾರಿನಲ್ಲಿ ಬಕಲ್ಲಿನ ಲೋಹ ಕಾದು ತೊಡೆಗೆ ಚುರುಕು ಮುಟ್ಟಿಸುತ್ತದೆ. ಇಳಿಯುವಾಗ ಸೀಟಿನ ಮೇಲೆ ಬಿಳಿ ಬಟ್ಟೆ ಹೊದಿಸಿಟ್ಟರೆ ಸಾಕು.

ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಚಾಲೂ ಇರುವಾಗ ಹಿಮ್ಮುಖ ಸೀಟು ಇಡಲೇಬಾರದು. ಕಾನೂನಿನ ಮಾತು ಬಂದರೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟೋ ಮಕ್ಕಳ ಸೀಟೋ ಇಲ್ಲದಿದ್ದರೆ 1000 ರೂಪಾಯಿ ದಂಡ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಸೀಟಿನ ಅಡಿಯ ಚೀಟಿ ನೋಡಿ. ಆರ್44 ಸೀಟಾದರೆ ಕಿತ್ತಳೆ ಬಣ್ಣದ ಚೀಟಿಯಲ್ಲಿ ವೃತ್ತದೊಳಗೆ 'ಇ' ಅಕ್ಷರ, ಜೊತೆಗೆ 04ರಿಂದ ಶುರುವಾಗುವ ಸಂಖ್ಯೆ ಇರಬೇಕು. ತಯಾರಾದ ತಾರೀಖು ಪ್ಲಾಸ್ಟಿಕ್ಕಿನಲ್ಲೇ ಅಚ್ಚಾಗಿರುತ್ತದೆ. ಕಂಪನಿ ಹೇಳಿದ ಆಯುಷ್ಯ ಮುಗಿದಿದ್ದರೆ, ಅಥವಾ ಆ ಸೀಟಿದ್ದ ಕಾರು ಅಪಘಾತಕ್ಕೆ ಸಿಕ್ಕಿತ್ತೇ ಎಂದು ಕೇಳಿದಾಗ ಮಾರುವವರು ತಡವರಿಸಿದರೆ, ಪುಕ್ಕಟೆ ಕೊಟ್ಟರೂ ಬೇಡ.