ಮನೆಯಲ್ಲಿ ನಾಯಿಮರಿ ಇಟ್ಟುಕೊಂಡು ಶೆಲ್ಟರ್ ಸೇವೆಗೆ ಹೋಗುವವರು ದಯವಿಟ್ಟು ಓದಿ

ನಾಯಿ ಶೆಲ್ಟರ್‌ನಲ್ಲಿ ವಾಲಂಟಿಯರ್ ಆಗಬೇಕು ಅಂತ ಯೋಚಿಸುತ್ತಿರುವವರು ಐದು ನಿಮಿಷ ಬಿಡುವು ಮಾಡಿಕೊಂಡು ಇದನ್ನು ಓದಿ. ಹೋಗಬೇಡಿ ಅನ್ನುವುದಕ್ಕೆ ಬರೆಯುತ್ತಿಲ್ಲ, ಅಲ್ಲಿನ ನಾಯಿಗಳಿಗೆ ಜನ ಬೇಕೇ ಬೇಕು. ಆದರೆ ನಾನು ಹೋದ ಹಾಗೆ ಏನೂ ವಿಚಾರಿಸದೆ ಹೋಗಬೇಡಿ.

ನಾನು ಹೋದ ಜಾಗದ ಹೆಸರು ಹೇಳುವುದಿಲ್ಲ. ಫೋನ್ ಮಾಡಿ ಬರಬಹುದಾ ಅಂತ ಕೇಳಿದೆ, ನಾಳೆಯೇ ಬನ್ನಿ ಅಂದರು. ಅವತ್ತು ನನಗೆ ಅದು ತುಂಬಾ ಖುಷಿ ಕೊಟ್ಟಿತ್ತು. ಮನೆಯಲ್ಲಿ ನಾಯಿ ಇದೆಯಾ, ಅದಕ್ಕೆ ಲಸಿಕೆ ಆಗಿದೆಯಾ, ನಿಮಗೆ ರೇಬೀಸ್ ಇಂಜೆಕ್ಷನ್ ಆಗಿದೆಯಾ, ನಾಯಿ ಹಿಡಿದು ಅಭ್ಯಾಸ ಇದೆಯಾ, ಒಂದನ್ನೂ ಕೇಳಲಿಲ್ಲ. ಹೋದ ಹತ್ತೇ ನಿಮಿಷಕ್ಕೆ ಕೈಗೆ ಪೊರಕೆ, ಬಕೆಟ್ ಬಂತು. ಅರ್ಧ ಗಂಟೆಗೆ ದೊಡ್ಡ ನಾಯಿಯೊಂದರ ಬೆಲ್ಟ್ ಬಂತು. ಊಟದ ತಟ್ಟೆ ಹತ್ತಿರ ಹೋದರೆ ಅದು ಮೈ ಬಿಗಿ ಮಾಡಿಕೊಂಡು ನಿಲ್ಲುತ್ತದೆ ಅನ್ನುವುದು ಅಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತಿತ್ತಂತೆ. ನನಗೆ ಮಾತ್ರ ಯಾರೂ ಹೇಳಲಿಲ್ಲ. ಹಲ್ಲು ತಾಗಿ ಮುಂಗೈ ತರಚಿತು. "ಇಲ್ಲಿ ಇದೆಲ್ಲ ಮಾಮೂಲು" ಅಂದರು, ಬಟ್ಟೆ ಕೊಟ್ಟು ಒರೆಸಿಕೊಳ್ಳಿ ಅಂದರು.

ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಹಲ್ಲು ಸುಮ್ನೆ ತರಚಿದರೂ ಅದು ಮಾಮೂಲಲ್ಲ. ಹರಿಯುವ ನೀರಿನ ಕೆಳಗೆ ಸೋಪು ಹಾಕಿ ಪೂರ್ತಿ 15 ನಿಮಿಷ ತೊಳೆಯಬೇಕು, ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸೇವೆಗೆ ಹೋಗುವ ಮುಂಚೆಯೇ ಲಸಿಕೆ ಹಾಕಿಸಿಕೊಂಡಿದ್ದರೆ, ಕಚ್ಚಿದ ಮೇಲೆ ಸಾಮಾನ್ಯವಾಗಿ ಎರಡು ಡೋಸ್ ಸಾಕಾಗುತ್ತದೆ. ಅವತ್ತೇ ಒಂದು, 3ನೇ ದಿನ ಇನ್ನೊಂದು. ನಾನು ಹಾಕಿಸಿಕೊಂಡಿರಲಿಲ್ಲ, ಹಾಗಾಗಿ ಪೂರ್ತಿ ಕೋರ್ಸ್ ತೆಗೆದುಕೊಳ್ಳಬೇಕಾಯಿತು.

ಇಷ್ಟಾದ ಮೇಲೂ ನಾನು ಮುಂದಿನ ವಾರ ಹೋದೆ. ಮರಿಗಳ ಕೋಣೆ ನನ್ನನ್ನು ಎಳೆಯುತ್ತಿತ್ತು. ಐದು ಮರಿಗಳು, ಎರಡು ದಿನದ ಹಿಂದೆ ರಸ್ತೆ ಬದಿಯಿಂದ ತಂದದ್ದು ಅಂತ ಹೇಳಿದರು. ಹೊಸದಾಗಿ ಬಂದ ಮರಿಗಳನ್ನು ಎರಡು ವಾರವಾದರೂ ಬೇರೆ ಇಡಬೇಕು, ಅವುಗಳನ್ನು ನೋಡಿಕೊಳ್ಳುವವರು ಬೇರೆ ಚಪ್ಪಲಿ, ಬೇರೆ ಬಟ್ಟೆ ಹಾಕಬೇಕು. ಇಲ್ಲಿ ಬಾಗಿಲು ತೆರೆದೇ ಇತ್ತು. ಬಂದವರೆಲ್ಲ ಒಳಗೆ ಹೋಗಿ ಮುದ್ದು ಮಾಡಿ, ಫೋಟೊ ತೆಗೆದುಕೊಂಡು ಬರುತ್ತಿದ್ದರು. ನಾನೂ ನೆಲದ ಮೇಲೆ ಕೂತು ಮಡಿಲಲ್ಲಿ ಹಾಕಿಕೊಂಡೆ. ಒಂದು ಮರಿ ಮಾತ್ರ ಮೂಲೆಯಲ್ಲಿ ಮಂಕಾಗಿ ಮಲಗಿತ್ತು. ಕೇಳಿದರೆ "ಹೊಸ ಜಾಗ ಅಲ್ವಾ, ಹೆದರಿಕೊಂಡಿದೆ" ಅಂದರು. ನಂಬಿದೆ. ಪಕ್ಕದಲ್ಲಿ ಭೇದಿ ಮಾಡಿತ್ತು, ನಾನೇ ಒರೆಸಿದೆ, ಫಿನಾಯಿಲ್ ಹಾಕಿ.

ನಮ್ಮ ಮನೆಯಲ್ಲಿ ನಮ್ಮ ನಾಯಿಮರಿ ಗುಂಡ ಇದ್ದ. ಆಗ ಅವನಿಗೆ ಹನ್ನೊಂದು ವಾರ. ಎರಡು ಇಂಜೆಕ್ಷನ್ ಆಗಿತ್ತು, ಎರಡಾಗಿದೆಯಲ್ಲ ಅಂತ ನಾನು ನೆಮ್ಮದಿಯಾಗಿದ್ದೆ. ಮನೆಗೆ ಬಂದ ಕೂಡಲೇ ಯಾವಾಗಿನ ಹಾಗೆ ಓಡಿ ಬಂದು ನನ್ನ ಶೂ ಲೇಸ್ ಕಚ್ಚಿಕೊಂಡು ಎಳೆದಾಡಿದ.

ಐದನೇ ದಿನ ಬೆಳಿಗ್ಗೆ ಅವನು ತಟ್ಟೆ ಕಡೆ ತಿರುಗಿಯೂ ನೋಡಲಿಲ್ಲ. ಮಧ್ಯಾಹ್ನ ವಾಂತಿ. ರಾತ್ರಿ ರಕ್ತ ಬೆರೆತ ಭೇದಿ, ಒಮ್ಮೆ ಮೂಸಿದರೆ ಮರೆಯಲಾಗದಂಥ ವಾಸನೆ. ಡಾಕ್ಟರ್ ಟೆಸ್ಟ್ ಸ್ಟ್ರಿಪ್‌ನಲ್ಲಿ ಪರೀಕ್ಷೆ ಮಾಡಿದರು, ಹತ್ತು ನಿಮಿಷದಲ್ಲಿ ಎರಡು ಗೆರೆ ಬಂತು. ಪಾರ್ವೋ.

ಆಮೇಲೆ ಅವರು ವಿವರಿಸಿದ್ದನ್ನು ಮೊದಲೇ ಯಾರಾದರೂ ನನಗೆ ಹೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಪಾರ್ವೋ ವೈರಸ್ ನಾಯಿಯ ಕರುಳಿನ ಒಳಪದರವನ್ನು ಹಾಳು ಮಾಡುತ್ತದೆ, ಮೂಳೆಯ ಮಜ್ಜೆಗೂ ಹೊಡೆತ ಕೊಟ್ಟು ಬಿಳಿ ರಕ್ತಕಣಗಳನ್ನು ಇಳಿಸಿಬಿಡುತ್ತದೆ. ಮನುಷ್ಯರಿಗೆ ಬರುವುದಿಲ್ಲ, ಆದರೆ ಮನುಷ್ಯರ ಚಪ್ಪಲಿ, ಬಟ್ಟೆ, ಕೈ ಹತ್ತಿ ಮನೆಗೆ ಬರುತ್ತದೆ. ತಗುಲಿದ 3ರಿಂದ 7 ದಿನದಲ್ಲಿ ಸಾಮಾನ್ಯವಾಗಿ ಲಕ್ಷಣ ಕಾಣಿಸುತ್ತದೆ, ಕೆಲವೊಮ್ಮೆ ಎರಡು ವಾರವೂ ಆಗಬಹುದು. ಲಕ್ಷಣ ಕಾಣುವ ಮುಂಚೆಯೇ ಮಲದಲ್ಲಿ ವೈರಸ್ ಹೊರಗೆ ಬರಲು ಶುರುವಾಗಿರುತ್ತದೆ. ಹಾಗಾಗಿ ನೋಡುವುದಕ್ಕೆ ಆಟ ಆಡಿಕೊಂಡಿರುವ ಮರಿಯಿಂದಲೂ ಬರಬಹುದು. ನೆಲದಲ್ಲಿ, ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ ಬದುಕಿರುತ್ತದೆ. ಮತ್ತೆ ಫಿನಾಯಿಲ್‌ಗೆ ಅದು ಸಾಯುವುದಿಲ್ಲ! ಮೊದಲು ಗಲೀಜು ಪೂರ್ತಿ ತೊಳೆದು, ಆಮೇಲೆ ಒಂದು ಪಾಲು ಬ್ಲೀಚ್‌ಗೆ 30 ಪಾಲು ನೀರು ಬೆರೆಸಿ ಹಾಕಿ ಹತ್ತು ನಿಮಿಷ ಬಿಡಬೇಕು. ನಾನು ಅವತ್ತು ಒರೆಸಿದ್ದು ವೈರಸ್ಸನ್ನು ಕೋಣೆ ತುಂಬಾ ಹರಡಿದ ಹಾಗೆ ಆಯಿತು.

ಎರಡು ಇಂಜೆಕ್ಷನ್ ಆಗಿತ್ತಲ್ಲ ಅಂತ ನಾನು ಅಳುತ್ತಾ ಕೇಳಿದೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆ ಸರಿಯಾಗಿ ಹತ್ತುವುದಿಲ್ಲ, ಅದು ಯಾವಾಗ ಇಳಿಯುತ್ತದೆ ಅನ್ನುವುದು ಮರಿಯಿಂದ ಮರಿಗೆ ಬೇರೆ. ಅದಕ್ಕೇ 16 ವಾರ ಆಗುವವರೆಗೆ ಮತ್ತೆ ಮತ್ತೆ ಕೊಡುವುದು. ಕೊನೆಯ ಡೋಸ್ ಆಗುವ ತನಕ ಮರಿಗೆ ಪೂರ್ತಿ ರಕ್ಷಣೆ ಇದೆ ಅಂತ ಅಂದುಕೊಳ್ಳಬೇಡಿ.

ಗುಂಡ ಆರು ದಿನ ಡ್ರಿಪ್ ಮೇಲಿದ್ದ. ಮೂರನೇ ರಾತ್ರಿ ಡಾಕ್ಟರ್ ನನ್ನನ್ನು ಹತ್ತಿರ ಕೂರಿಸಿಕೊಂಡು ಗಟ್ಟಿ ಮನಸ್ಸು ಮಾಡಿಕೊಳ್ಳಿ ಅಂದಿದ್ದರು. ಐದನೇ ದಿನ ಅವನು ನನ್ನ ಬೆರಳಿನಿಂದ ನೀರು ನೆಕ್ಕಿದ. ಉಳಿದ. ಬೇಗ ಕರೆದುಕೊಂಡು ಹೋಗಿದ್ದಕ್ಕೆ ಉಳಿದ ಅಂತ ಡಾಕ್ಟರ್ ಹೇಳಿದರು. ವಾಂತಿ ಒಂದು ದಿನ ನೋಡೋಣ ಅಂತ ಕಾದಿದ್ದರೆ ಏನಾಗುತ್ತಿತ್ತೋ, ಈಗಲೂ ನೆನೆಸಿಕೊಂಡರೆ ಕೈ ನಡುಗುತ್ತದೆ.

ಶೆಲ್ಟರ್‌ನ ಐದು ಮರಿಗಳಲ್ಲಿ ನಾಲ್ಕು ಸತ್ತವು. ಅದು ನನಗೆ ಗೊತ್ತಾಗಿದ್ದು ನಾನಾಗಿಯೇ ಫೋನ್ ಮಾಡಿ, ಪಾರ್ವೋ ಇದೆ, ಎಲ್ಲರಿಗೂ ತಿಳಿಸಿ ಅಂತ ಹೇಳಿದಾಗ. "ಮರಿಗಳು ಅಂದಮೇಲೆ ಹೋಗ್ತಾವೆ, ಇದನ್ನೆಲ್ಲ ಗ್ರೂಪ್‌ನಲ್ಲಿ ಹಾಕಬೇಡಿ, ಜನ ಬರೋದು ನಿಲ್ಲಿಸ್ತಾರೆ" ಅಂದರು. ನಾನು ಹಾಕಿದೆ. ಹತ್ತು ನಿಮಿಷದಲ್ಲಿ ಮೆಸೇಜ್ ಇರಲಿಲ್ಲ, ಸಂಜೆಗೆ ನಾನೂ ಗ್ರೂಪ್‌ನಲ್ಲಿರಲಿಲ್ಲ. ಕೆಲಸ ಜಾಸ್ತಿ, ಜನ ಕಡಿಮೆ, ದುಡ್ಡಿಲ್ಲ, ಅದೆಲ್ಲ ನನಗೆ ಅರ್ಥವಾಗುತ್ತದೆ. ಆದರೆ ಒಂದು ಬಾಗಿಲಿಗೆ ಚಿಲಕ ಹಾಕುವುದಕ್ಕೆ, ಒಂದು ಚೀಟಿ ಅಂಟಿಸುವುದಕ್ಕೆ ಎಷ್ಟು ದುಡ್ಡು ಬೇಕು?

ಈಗ ನಾನು ಬೇರೆ ಶೆಲ್ಟರ್‌ಗೆ ಹೋಗುತ್ತೇನೆ. ಅಲ್ಲಿ ಮೊದಲ ದಿನ ನಾಯಿ ಮುಟ್ಟಲು ಬಿಡಲೇ ಇಲ್ಲ. ಫಾರ್ಮ್ ತುಂಬಿಸಿದರು, ನನ್ನ ಲಸಿಕೆ ಕಾಗದ ಕೇಳಿದರು, ಗುಂಡನದ್ದೂ ಕೇಳಿದರು, ಎರಡು ಗಂಟೆ ಸುಮ್ಮನೆ ಕೂರಿಸಿ ನಾಯಿಗಳ ಬಾಲ, ಕಿವಿ, ಕಣ್ಣು ನೋಡುವುದನ್ನು ಕಲಿಸಿದರು. ಬಾಲ ಅಲ್ಲಾಡಿಸಿದ ಮಾತ್ರಕ್ಕೆ ನಾಯಿ ಖುಷಿಯಾಗಿದೆ ಅಂತಲ್ಲ ಅನ್ನುವುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ನೀವು ಫೋನ್ ಮಾಡಿದಾಗ ನಿಮ್ಮನ್ನು ಇಷ್ಟು ಪ್ರಶ್ನೆ ಕೇಳುವ ಜಾಗವನ್ನೇ ಹುಡುಕಿ. ಹೊಸ ಮರಿಗಳನ್ನು ಎಲ್ಲಿ ಇಡುತ್ತೀರಿ, ನೆಲಕ್ಕೆ ಏನು ಹಾಕುತ್ತೀರಿ ಅಂತ ನೀವೂ ಕೇಳಿ. ಉತ್ತರ ಕೊಡಲು ಬೇಸರ ಮಾಡಿಕೊಂಡರೆ ವಾಪಸ್ ಬನ್ನಿ.

ಹೋದ ವಾರ ಆ ಹಳೆಯ ಶೆಲ್ಟರ್‌ನವರು ಒಂದು ಫೋಟೊ ಹಾಕಿದ್ದಾರೆ. ಅದೇ ಕೋಣೆ, ಅದೇ ನೆಲ, ಹೊಸ ಮರಿಗಳು. ಕಾಲೇಜು ಹುಡುಗಿಯೊಬ್ಬಳು ಎರಡು ಮರಿಗಳನ್ನು ಮಡಿಲಲ್ಲಿಟ್ಟುಕೊಂಡು ನಗುತ್ತಿದ್ದಾಳೆ. ಅವಳಿಗೆ ಇದು ತಲುಪಿದರೆ: ತಂಗಿ, ಮನೆಯಲ್ಲಿ ಮರಿ ಇದ್ದರೆ ಚಪ್ಪಲಿ ಹೊರಗೇ ಬಿಡು, ಬಟ್ಟೆ ಬದಲಾಯಿಸಿ ಸ್ನಾನ ಮಾಡಿ ಆಮೇಲೆ ಅದನ್ನು ಎತ್ತಿಕೋ. ಊಟ ಬಿಟ್ಟರೆ ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗು.