ಸ್ಟೋಕ್ಸೇನಾ, ಲ್ಯಾನ್‌ಹೈಡ್ರಾಕ್ಕಾ: ಯಾವ ಹೆಬ್ಬಾಗಿಲ ಮನೆ ನೋಡಬೇಕು?

ಇಂಗ್ಲೆಂಡಿನಲ್ಲಿ ಹಳೆಯ ಎಸ್ಟೇಟಿನ ಹೆಬ್ಬಾಗಿಲ ಮನೆ (ಗೇಟ್‌ಹೌಸ್, ಅಂದ್ರೆ ಒಳಗೆ ಹೋಗೋ ದಾರಿಯ ಮೇಲೆ ಕಟ್ಟಿದ ಕಟ್ಟಡ) ಒಂದನ್ನೇ ನೋಡೋಕೆ ಸಮಯ ಇದ್ರೆ, ಶ್ರಾಪ್‌ಶೈರಿನ ಸ್ಟೋಕ್ಸೇಗೆ ಹೋಗಿ ಅಂತ ನಾನು ಹೇಳ್ತೀನಿ. ಕಾರ್ನ್‌ವಾಲಿನ ಲ್ಯಾನ್‌ಹೈಡ್ರಾಕ್ ಕೂಡ ಚೆಂದವೇ, ಆದರೆ ಅದರ ಚೆಂದ ಬೇರೆ ಥರ.

ಸ್ಟೋಕ್ಸೇ ಕೋಟೆಮನೆ 13ನೇ ಶತಮಾನದ್ದು, ಉಣ್ಣೆ ವ್ಯಾಪಾರಿ ಲಾರೆನ್ಸ್ ಆಫ್ ಲಡ್ಲೋ ಕಟ್ಟಿಸಿದ್ದು. ಅದರ ಮುಂದಿನ ಹೆಬ್ಬಾಗಿಲು ಮಾತ್ರ 1640ರ ಆಸುಪಾಸಿನದು. ಪೂರ್ತಿ ಮರದ ಚೌಕಟ್ಟು, ನಡುನಡುವೆ ಹಳದಿ ಬಣ್ಣದ ಗಾರೆ. ಹಿಂದೆ ಕಲ್ಲಿನ ಗೋಡೆ ಬೂದುಬಣ್ಣದಲ್ಲಿ ನಿಂತಿರುವಾಗ ಈ ಹಳದಿ ಎದ್ದು ಕಾಣುತ್ತೆ. ಸುಮ್ನೆ ದಾಟಿ ಹೋಗಬೇಡಿ, ಬಾಗಿಲ ಹತ್ತಿರ ನಿಂತು ಮರದ ಕೆತ್ತನೆ ನೋಡಿ. ಆಡಮ್ ಮತ್ತು ಈವ್ ಇದ್ದಾರೆ, ಡ್ರ್ಯಾಗನ್‌ಗಳೂ ಇವೆ. ಉಳಿಯ ಗುರುತು ಕಾಣುವಷ್ಟು ಹತ್ತಿರದಿಂದ ನೋಡಬಹುದು. ಈ ಬಾಗಿಲು ಶತ್ರುಗಳನ್ನು ತಡೆಯೋಕೆ ಅಂತ ಕಟ್ಟಿದ್ದಲ್ಲ, ಬಂದವರಿಗೆ ಮನೆಯ ಗತ್ತು ತೋರಿಸೋಕೆ.

ಲ್ಯಾನ್‌ಹೈಡ್ರಾಕ್‌ನದು 1651ರಲ್ಲಿ ಮುಗಿದ ಗ್ರಾನೈಟ್ ಕಟ್ಟಡ. ಎರಡು ಅಂತಸ್ತು, ಮೇಲೆ ಚೂಪು ಕಲ್ಲಿನ ಶಿಖರಗಳ ಸಾಲು. ಗ್ರಾನೈಟ್ ಗಟ್ಟಿ ಕಲ್ಲು, ಸಣ್ಣ ಕುಸುರಿಗೆ ಸುಲಭವಾಗಿ ಬಗ್ಗಲ್ಲ. ಹಾಗಾಗಿ ಇಲ್ಲಿ ಕಣ್ಣಿಗೆ ಬೀಳೋದು ಒಟ್ಟು ಆಕಾರ. ದೂರದಿಂದ ನೋಡಿದಾಗಲೇ ಜಾಸ್ತಿ ಚೆಂದ. 1881ರ ಬೆಂಕಿಯಲ್ಲಿ ದೊಡ್ಡ ಮನೆಯ ಬಹುಭಾಗ ಸುಟ್ಟುಹೋಯ್ತು, ಇದು ಉಳೀತು. ಮಕ್ಕಳ ಜೊತೆ ಇಡೀ ದಿನ ತೋಟ, ಕಾಡು ಸುತ್ತೋದಾದರೆ ಇದೇ ಸರಿ.

ಕೆತ್ತನೆ, ಮರಗೆಲಸ ಇಷ್ಟ ಇರೋರು ಮಾತ್ರ ಸ್ಟೋಕ್ಸೇ ಬಿಡಬೇಡಿ.