ಗೋಕುಲ ರಸ್ತೆಯ ಶೆಡ್ಡಿಗೆ ಎಸ್‌ಟಿಪಿ ಸಾಕೋ, ಆರ್‌ಎಸ್‌ಟಿಪಿ ಬೇಕೋ?

ಸ್ವಿಚ್‌ಗಳನ್ನು ಸುತ್ತು ಹಾಕಿ ಜೋಡಿಸಿದರೆ ಡೇಟಾ ಗಿರಕಿ ಹೊಡೆದು ನೆಟ್‌ವರ್ಕ್ ನಿಲ್ಲುತ್ತದೆ. ಒಂದು ದಾರಿ ಮುಚ್ಚಿ ಅದನ್ನು ತಪ್ಪಿಸುವ, ಬೇರೆ ದಾರಿ ಕಡಿದಾಗ ಮುಚ್ಚಿದ್ದನ್ನು ತೆರೆಯುವ ನಿಯಮವೇ ಎಸ್‌ಟಿಪಿ (ಸ್ಪ್ಯಾನಿಂಗ್ ಟ್ರೀ ಪ್ರೋಟೋಕಾಲ್). ಆರ್‌ಎಸ್‌ಟಿಪಿ ಅದರ ವೇಗದ (ರ್‍ಯಾಪಿಡ್) ರೂಪ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಸಿಗುವಂಥ ಜೋಡಣೆಯನ್ನೇ ಹೋಲಿಕೆಗೆ ಇಟ್ಟುಕೊಂಡೆವು. ಆಫೀಸು, ಶೆಡ್ಡು, ಗೋದಾಮು: ಮೂರು ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಬಹುದಾದ) ಸ್ವಿಚ್, ತ್ರಿಕೋನವಾಗಿ ಮೂರು ಗಿಗಾಬಿಟ್ ಲಿಂಕ್. ಆಫೀಸಿನದು ರೂಟ್, ಅಂದರೆ ಎಲ್ಲ ದಾರಿಗಳ ಲೆಕ್ಕ ಶುರುವಾಗುವ ಮುಖ್ಯ ಸ್ವಿಚ್. ಗೋದಾಮಿನ ಸ್ವಿಚ್ಚು ಶೆಡ್ಡಿನ ಕಡೆಯ ಪೋರ್ಟನ್ನು ಮುಚ್ಚಿಟ್ಟಿತ್ತು.

ಆಫೀಸಿನಿಂದ ಗೋದಾಮಿಗೆ ಹೋಗುವ ಕೇಬಲ್ ಕಿತ್ತರೆ ಎಸ್‌ಟಿಪಿಯಲ್ಲಿ ಪಿಂಗ್ (ಸಂಪರ್ಕ ಇದೆಯೇ ಎಂದು ನೋಡುವ ಪರೀಕ್ಷೆ) ಸುಮಾರು 30 ಸೆಕೆಂಡ್ ನಿಲ್ಲುತ್ತದೆ: ಮುಚ್ಚಿದ ಪೋರ್ಟು ತೆರೆಯುವ ಮುನ್ನ ದಾಟುವ ಎರಡು ಹಂತಗಳಲ್ಲಿ ಲಿಸನಿಂಗ್‌ಗೆ 15, ಲರ್ನಿಂಗ್‌ಗೆ 15. ಗೋದಾಮಿನವರು ‘ನೆಟ್ ಹೋತ್ರಿ’ ಅಂತ ಫೋನ್ ಹಚ್ಚಲು ಅಷ್ಟು ಹೊತ್ತು ಧಾರಾಳ. ಆರ್‌ಎಸ್‌ಟಿಪಿಯಲ್ಲಿ ಮುಚ್ಚಿದ ಪೋರ್ಟು ‘ಆಲ್ಟರ್ನೇಟ್’ ಆಗಿ ಮೊದಲೇ ತಯಾರಿರುತ್ತದೆ. ಒಂದೆರಡು ಪಿಂಗ್ ತಪ್ಪಿದರೆ ಹೆಚ್ಚು.

ನಿಜವಾದ ಅಂತರ ಕಾಣುವುದು ನಡುವೆ ಫೈಬರ್ ಮೀಡಿಯಾ ಕನ್ವರ್ಟರ್ (ತಾಮ್ರದ ಕೇಬಲನ್ನು ಫೈಬರಿಗೆ ಹೊಂದಿಸುವ ಡಬ್ಬಿ) ಇದ್ದಾಗ. ಫೈಬರ್ ತುಂಡಾದರೂ ಎಷ್ಟೋ ಕನ್ವರ್ಟರ್‌ಗಳು ಸ್ವಿಚ್ಚಿನ ಕಡೆಯ ದೀಪವನ್ನು ಆರಿಸುವುದಿಲ್ಲ. ಲಿಂಕ್ ಹೋದದ್ದು ಸ್ವಿಚ್ಚಿಗೆ ಗೊತ್ತೇ ಆಗದು. ಎಸ್‌ಟಿಪಿ 20 ಸೆಕೆಂಡಿನ ಮ್ಯಾಕ್ಸ್ ಏಜ್ (ಕೊನೆಗೆ ಬಂದ ಸಂದೇಶವನ್ನು ನಂಬುವ ಅವಧಿ) ಮುಗಿಯುವವರೆಗೆ ಕಾದು, ಮೇಲೆ ಆ 30 ಸೇರಿಸುತ್ತದೆ, ಒಟ್ಟು 50. ಆರ್‌ಎಸ್‌ಟಿಪಿ 2 ಸೆಕೆಂಡಿಗೊಮ್ಮೆ ಬರುವ ‘ಹಲೋ’ ಸಂದೇಶ ಮೂರು ಸಲ ತಪ್ಪಿದೊಡನೆ, ಅಂದರೆ 6 ಸೆಕೆಂಡಿಗೆ, ದಾರಿ ಬದಲಿಸುತ್ತದೆ.

ಆದರೆ ಪಿಸಿ, ಪ್ರಿಂಟರ್ ಪೋರ್ಟುಗಳನ್ನು ‘ಎಡ್ಜ್’ (ಆಚೆ ಬೇರೆ ಸ್ವಿಚ್ ಇಲ್ಲದ ಪೋರ್ಟು) ಎಂದು ಗುರುತಿಸದಿದ್ದರೆ ಆರ್‌ಎಸ್‌ಟಿಪಿಯೂ ಅಲ್ಲಿ 30 ಸೆಕೆಂಡ್ ಕಾಯಿಸುತ್ತದೆ, ಏಕೆಂದರೆ ‘ಪೋರ್ಟು ತೆರೆಯಲೇ?’ ಎಂಬ ಅದರ ಪ್ರಪೋಸಲ್‌ಗೆ ಪಿಸಿ ಉತ್ತರ ಕೊಡುವುದಿಲ್ಲ. ಅಷ್ಟರಲ್ಲಿ ಡಿಎಚ್‌ಸಿಪಿ (ಪಿಸಿಗೆ ನೆಟ್‌ವರ್ಕ್ ವಿಳಾಸ ಹಂಚುವ ವ್ಯವಸ್ಥೆ) ಸೋತು ಪಿಸಿ ತಾನೇ ಕೊಟ್ಟುಕೊಂಡ, ಕೆಲಸಕ್ಕೆ ಬಾರದ 169.254 ವಿಳಾಸ ಹಿಡಿದು ಕೂತಿರುತ್ತದೆ. ಎಡ್ಜ್ ಮಾಡಿದ ಪೋರ್ಟಿಗೆ ಬಿಪಿಡಿಯು ಗಾರ್ಡ್ ಹಾಕಲೇಬೇಕು: ಯಾರಾದರೂ ಅಲ್ಲಿ ಸ್ವಿಚ್ ಚುಚ್ಚಿ ಅದರ ಬಿಪಿಡಿಯು (ಎಸ್‌ಟಿಪಿ ಸಂದೇಶ) ಬಂದರೆ ಅದು ಪೋರ್ಟನ್ನೇ ಮುಚ್ಚುತ್ತದೆ.

ರೂಟ್ ವಿಷಯದಲ್ಲಿ ಎರಡೂ ಒಂದೇ. ಪ್ರಯಾರಿಟಿ ಅಂಕ ಕಡಿಮೆ ಇದ್ದದ್ದು ರೂಟ್ ಆಗುತ್ತದೆ; ಎಲ್ಲ ಕಡೆ 32768 ಇದ್ದರೆ ಕಡಿಮೆ ಮ್ಯಾಕ್ (ಯಂತ್ರದ ಹುಟ್ಟು ಸಂಖ್ಯೆ) ಇದ್ದದ್ದು ಗೆಲ್ಲುತ್ತದೆ, ಎಷ್ಟೋ ಸಲ ಮೂಲೆಯಲ್ಲಿರುವ ಹಳೇ ಡಬ್ಬಿ! ಆಫೀಸಿಗೆ 4096, ಶೆಡ್ಡಿಗೆ 8192 ಕೊಡಿ. ರೂಟ್ ಯುಪಿಎಸ್ ಮೇಲೇ ಇರಲಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಒಮ್ಮೆ, ಬಂದು ಪಟ್ಟ ವಾಪಸ್ ಕಸಿದುಕೊಳ್ಳುವಾಗ ಇನ್ನೊಮ್ಮೆ ದಾರಿಗಳೆಲ್ಲ ಅದಲು ಬದಲಾಗುತ್ತವೆ.

ನಮ್ಮ ಆಯ್ಕೆ ಆರ್‌ಎಸ್‌ಟಿಪಿ. ಹಳೆಯ ಎಸ್‌ಟಿಪಿ ಸ್ವಿಚ್ ಒಂದು ಉಳಿದರೂ ಅದಕ್ಕೆ ಅಂಟಿದ ಪೋರ್ಟು ಹಳೇ ನಡಿಗೆಗೆ ಇಳಿಯುತ್ತದೆ, ಅಷ್ಟೇ. ಕಾಸ್ಟ್ (ದಾರಿಯ ಅಂಕ, ಒಟ್ಟು ಕಡಿಮೆ ಇದ್ದ ದಾರಿಗೇ ಆಯ್ಕೆ) ಲೆಕ್ಕ ಮಾತ್ರ ನೋಡಿಕೊಳ್ಳಿ: ಹಳೆಯ ಪದ್ಧತಿಯಲ್ಲಿ 100 ಮೆಗಾಬಿಟ್‌ಗೆ 19, ಗಿಗಾಬಿಟ್‌ಗೆ 4, ಹೊಸದರಲ್ಲಿ 200000, 20000. ಎರಡೂ ಬೆರೆತರೆ, ಮುಂದೆ ಸೇರಿಸುವ ನಾಲ್ಕನೇ ಸ್ವಿಚ್ಚು 20000 ಕಂಡು ಗಿಗಾಬಿಟ್ ದಾರಿ ಬಿಟ್ಟು, 19ರ ನಿಧಾನದ ದಾರಿ ಹಿಡಿದೀತು.